'ನಿಧಾನ' ವಿಭಾಗದವರಿಗೆ ಬೀಜಗಣಿತ ಯಾಕೆ ಬೇಡ?

ಹಳೇಬಳಪ (ಚರ್ಚೆ ಶುರು ಮಾಡಿದವರು)

ಏಳನೇ ತರಗತಿಗೆ ಗಣಿತ ಹೇಳಿಕೊಡ್ತೀನಿ. ನಮ್ಮಲ್ಲಿ ಎರಡು ವಿಭಾಗ. ಹಾಜರಿ ಪುಸ್ತಕದಲ್ಲಿ ಎ ಮತ್ತು ಬಿ, ಮಕ್ಕಳ ಬಾಯಲ್ಲಿ 'ಚುರುಕು' ಮತ್ತು 'ನಿಧಾನ'. ವರ್ಷದ ಮೊದಲ ವಾರ ನಲವತ್ತು ನಿಮಿಷದ ಒಂದು ಪರೀಕ್ಷೆ ಆಗುತ್ತೆ, ಅದರ ಮೇಲೆ ವಿಂಗಡಣೆ. ಈ ವರ್ಷ ಎರಡೂ ವಿಭಾಗ ನನಗೇ ಬಂದಿವೆ. ಹಾಗಾಗಿ ಇಷ್ಟು ವರ್ಷ ಕಣ್ಣಿಗೆ ಬೀಳದೇ ಇದ್ದದ್ದು ಈಗ ಬಿತ್ತು.

ಕಳೆದ ವಾರ ಎರಡೂ ಕಡೆ ಒಂದೇ ತಪ್ಪು ಬಂತು: 1/2 + 1/3 = 2/5. ಮೇಲೆ ಮೇಲಿನದ್ದು, ಕೆಳಗೆ ಕೆಳಗಿನದ್ದು ಕೂಡಿಬಿಟ್ಟಿದ್ದಾರೆ. ಎ ವಿಭಾಗದಲ್ಲಿ ನಾನು ಬಳಪ ಕೆಳಗಿಟ್ಟು "ಯಾಕೆ ಹೀಗೆ ಅನ್ನಿಸ್ತು?" ಅಂತ ಕೇಳಿದೆ. ಅರ್ಧ ಪೀರಿಯಡ್ ಜಗಳ ಆಯ್ತು, ಚೆನ್ನಾಗಿತ್ತು. ಬಿ ವಿಭಾಗದಲ್ಲಿ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದೆ, ಬೋರ್ಡ್ ಮೇಲೆ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ತೆಗೆಯೋ ಕ್ರಮ ಬರೆದೆ, ಅದೇ ತರದ ಹತ್ತು ಲೆಕ್ಕ ಕೊಟ್ಟೆ.

ಬೆಲ್ ಹೊಡೆದ ಮೇಲೆ ಒಬ್ಬ ಹುಡುಗಿ ಹತ್ತಿರ ಬಂದು ಕೇಳಿದಳು: "ಮಿಸ್, ಮೊದಲನೇ ಪ್ರಶ್ನೆಗೆ ಎರಡಕ್ಕೆ ಒಂದು ಮಾರ್ಕ್ಸು, ಎರಡನೇದಕ್ಕೆ ಮೂರಕ್ಕೆ ಒಂದು ಬಂದ್ರೆ, ನೀವೇ ಒಟ್ಟು ಐದಕ್ಕೆ ಎರಡು ಅಂತ ಹಾಕ್ತೀರಲ್ಲ?"

"ಅದು ಬೇರೆ, ಇದು ಬೇರೆ, ಹೋಗು" ಅಂದೆ.

ರಾತ್ರಿ ನೋಟ್ ಬುಕ್ ತಿದ್ದುವಾಗ ಆ ಮಾತು ಚುಚ್ಚಿತು. ಅವಳು ಕೇಳಿದ್ದು ನಾನು ಎರಡೂ ವಿಭಾಗ ಸೇರಿ ಆ ದಿನ ಕೇಳಿದ ಅತ್ಯುತ್ತಮ ಪ್ರಶ್ನೆ. ಅದೇ ಪ್ರಶ್ನೆ ಎ ವಿಭಾಗದ ಹುಡುಗ ಕೇಳಿದ್ದರೆ ಸ್ಟಾಫ್ ರೂಮಲ್ಲಿ ಹೇಳಿಕೊಂಡು ತಿರುಗ್ತಿದ್ದೆ.

ಇನ್ನೊಂದು ವಿಷಯ. ಸಮೀಕರಣದ ಪಾಠದಲ್ಲಿ ಬಿ ವಿಭಾಗಕ್ಕೆ 'ಮುಖ್ಯವಾದದ್ದು ಮಾತ್ರ' ಮಾಡಿ ಅಂತ ನಮ್ಮಲ್ಲಿ ರೂಢಿ. ಬಾಯಿಪಾಠ ಮಾಡಬಹುದಾದ ಎರಡು ಮಾದರಿ ಲೆಕ್ಕ, ಅಷ್ಟೇ. ಕಾರಣ ಕೇಳಿದರೆ "ಪಾಪ, ಅವಕ್ಯಾಕೆ ಕಷ್ಟ ಕೊಡ್ತೀರಿ" ಅಂತಾರೆ. ಆ 'ಪಾಪ' ಅನ್ನೋ ಪದವನ್ನ ನಾನೂ ನೂರು ಸಲ ಅಂದಿದ್ದೀನಿ. ಎರಡನೇ ಅರ್ಥ ಈಗ ಹೊಳೀತಿದೆ.

ಇದು ಬರೀ ಬೋಧನೆಯ ವಿಷಯವೋ, ನ್ಯಾಯದ ವಿಷಯವೋ? ನಿಮ್ಮ ಅಭಿಪ್ರಾಯ ಹೇಳಿ.

ನೇರಮಾತು

ಬೈಸಿಕೊಳ್ಳೋಕೆ ಸಿದ್ಧನಾಗಿಯೇ ಬರೀತಿದ್ದೀನಿ. ಐದು ಬೆರಳೂ ಒಂದೇ ಸಮ ಇರಲ್ಲ. ಭಿನ್ನರಾಶಿಯೇ ಗಟ್ಟಿ ಇಲ್ಲದ ಮಗುವಿಗೆ ಸಮೀಕರಣ ತುರುಕೋದು ನ್ಯಾಯ ಅಲ್ಲ, ಹಿಂಸೆ. ಎಲ್ಲಕ್ಕೂ 'ಸಾಮಾಜಿಕ ನ್ಯಾಯ' ಅಂತ ಹಣೆಪಟ್ಟಿ ಹಚ್ಚಿದರೆ ಕೊನೆಗೆ ಏನಾಗುತ್ತೆ ಅನ್ನೋದಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ನೋಡಿ. 2014ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳು ಎಂಟನೇ ತರಗತಿಯ ಬೀಜಗಣಿತವನ್ನೇ ತೆಗೆದು ಎಲ್ಲರಿಗೂ ಒಂಬತ್ತಕ್ಕೆ ತಳ್ಳಿದವು. ಉದ್ದೇಶ ಸಮಾನತೆ. ಕೈಲಿ ಕಾಸಿದ್ದವರು ಹೊರಗೆ ದುಡ್ಡು ಕೊಟ್ಟು ಕೋರ್ಸ್ ಮಾಡಿಸಿದರು, ಇಲ್ಲದವರು ಕಾದು ಕೂತರು. ಹತ್ತು ವರ್ಷ ಜಗಳ ಆಗಿ 2024ರಲ್ಲಿ ಮತದಾರರೇ ಅದನ್ನ ವಾಪಸ್ ತನ್ನಿ ಅಂದರು.

ಕೆಳಗಿರೋರನ್ನ ಮೇಲೆತ್ತಕ್ಕೆ ಆಗದಾಗ ಮೇಲಿರೋರ ಕಾಲು ಎಳೆಯೋದು ಸುಲಭ. ಹುಷಾರು ಅಂತಷ್ಟೇ ಹೇಳ್ತೀನಿ.

ಗುಣಾಕಾರ

ನೇರಮಾತು ಅವರೇ, ನಿಮ್ಮ ಉದಾಹರಣೆಯನ್ನ ನಾನು ಪೂರ್ತಿ ಒಪ್ತೀನಿ. ಆದರೆ ಅದು ಬಳಪ ಮೇಡಂ ಕೇಳಿದ್ದಕ್ಕೆ ಉತ್ತರ ಅಲ್ಲ. ಅಲ್ಲಿ ಎಲ್ಲರಿಂದಲೂ ಕಿತ್ತುಕೊಂಡರು. ಇವರು ಕೇಳ್ತಿರೋದು ಒಬ್ಬರಿಗೆ ಕೊಟ್ಟದ್ದನ್ನ ಇನ್ನೊಬ್ಬರಿಗೆ ಯಾಕೆ ಕೊಡ್ತಿಲ್ಲ ಅಂತ.

ಇದಕ್ಕೆ ಹತ್ತಿರದ ಕಥೆ ಶಿಕಾಗೋದ್ದು, ಅದೂ ಎರಡು ಕಂತಿನಲ್ಲಿ. 1997ರಲ್ಲಿ ಅಲ್ಲಿ ಕೆಳಮಟ್ಟದ ಗಣಿತ ಕೋರ್ಸ್‌ಗಳನ್ನೆಲ್ಲ ರದ್ದು ಮಾಡಿ ಒಂಬತ್ತನೇ ತರಗತಿಯ ಪ್ರತಿಯೊಬ್ಬರಿಗೂ ಬೀಜಗಣಿತ ಕಡ್ಡಾಯ ಮಾಡಿದರು. ಬೇರೆ ಏನೂ ಬದಲಾಗಲಿಲ್ಲ: ಅದೇ ಮೇಷ್ಟ್ರು, ಅದೇ ಪೀರಿಯಡ್ಡು. ಫಲಿತಾಂಶ ಕೆಟ್ಟದಾಗಿತ್ತು. ಫೇಲಾಗೋರು ಹೆಚ್ಚಾದರು, ಪರೀಕ್ಷೆಯ ಅಂಕ ಮೇಲೇರಲಿಲ್ಲ. ನಿಮ್ಮ 'ತುರುಕೋದು' ಅನ್ನೋ ಮಾತು ಅಲ್ಲಿಗೆ ಸರಿಹೊಂದುತ್ತೆ.

2003ರಲ್ಲಿ ಎರಡನೇ ಕಂತು. ಎಂಟನೇ ತರಗತಿಯ ಪರೀಕ್ಷೆಯಲ್ಲಿ ದೇಶದ ಮಧ್ಯಾಂಕಕ್ಕಿಂತ (ಅರ್ಧ ಮಕ್ಕಳು ಮೇಲೆ, ಅರ್ಧ ಮಕ್ಕಳು ಕೆಳಗೆ ಬರೋ ಅಂಕ) ಕೆಳಗಿದ್ದ ಮಕ್ಕಳಿಗೆ ಬೀಜಗಣಿತಕ್ಕೆ ದಿನಕ್ಕೆ ಒಂದರ ಬದಲು ಎರಡು ಪೀರಿಯಡ್ ಕೊಟ್ಟರು. ಶಿಕ್ಷಕರಿಗೆ ತರಬೇತಿ, ಪಾಠಕ್ಕೆ ಸಾಮಗ್ರಿ ಕೊಟ್ಟರು. ಆ ಮಕ್ಕಳನ್ನ ಹಲವು ವರ್ಷ ಹಿಂಬಾಲಿಸಿದ ಅಧ್ಯಯನ ಹೇಳೋದು: ಶಾಲೆ ಮುಗಿಸಿದವರು ಹೆಚ್ಚು, ಕಾಲೇಜಿಗೆ ಸೇರಿದವರೂ ಹೆಚ್ಚು. ತಮಾಷೆ ಅಂದರೆ, ಆ ವರ್ಷದ ಬೀಜಗಣಿತದಲ್ಲಿ ಪಾಸಾದವರ ಪ್ರಮಾಣ ಅಷ್ಟೇನೂ ಏರಿರಲಿಲ್ಲ. ಬರೀ ಅದನ್ನೇ ನೋಡಿದ್ದರೆ 'ದಂಡ' ಅಂತ ನಿಲ್ಲಿಸಿಬಿಡ್ತಿದ್ದರು.

ನೇರಮಾತು

ಒಂದು ನಿಮಿಷ. ಎರಡು ಪೀರಿಯಡ್ ಕೊಟ್ಟಾಗ ಆ ಮಕ್ಕಳನ್ನ ಬೇರೆಯಾಗಿಯೇ ಕೂರಿಸಿದ್ದು ತಾನೇ? ಹಾಗಾದರೆ ವಿಂಗಡಣೆ ಕೆಲಸ ಮಾಡ್ತು ಅಂತಾಯ್ತಲ್ಲ!

ಗುಣಾಕಾರ

ಹೌದು, ಹೆಚ್ಚುಕಡಿಮೆ ಬೇರೆಯೇ ಕೂತರು. ಫಿನ್ಲೆಂಡ್ ಮಾಡಿದ್ದು ಇದಕ್ಕೆ ತದ್ವಿರುದ್ಧ: 1985ರಲ್ಲಿ ಗಣಿತ ಮತ್ತು ವಿದೇಶಿ ಭಾಷೆಗೆ ಇದ್ದ ಮಟ್ಟವಾರು ಗುಂಪುಗಳನ್ನ ತೆಗೆದೇ ಹಾಕಿತು. ಅದಕ್ಕೇ ನಾನು ಯಾರು ಎಲ್ಲಿ ಕೂತರು ಅನ್ನೋದಕ್ಕಿಂತ ಬೋರ್ಡ್ ಮೇಲೆ ಏನಿತ್ತು ಅಂತ ಕೇಳ್ತೀನಿ. ಶಿಕಾಗೋದ ಆ ಕೋಣೆಯಲ್ಲಿ ಇದ್ದದ್ದು ಅದೇ ಬೀಜಗಣಿತ, ಸಮಯ ಮಾತ್ರ ಜಾಸ್ತಿ. ಬಳಪ ಅವರ ಬಿ ವಿಭಾಗದಲ್ಲಿ ಸಮಯ ಅಷ್ಟೇ, ಗಣಿತ ಕಡಿಮೆ.

ಹಿಂದಿನ_ಬೆಂಚು

ಇಲ್ಲಿ ಓದ್ತಾ ಇರ್ತೀನಿ, ಬರೆಯೋದು ಇದೇ ಮೊದಲು.

ನಾನು ಮೂರು ವರ್ಷ 'ನಿಧಾನ' ವಿಭಾಗದಲ್ಲಿದ್ದವನು. ಶಾಲೆ ಕೆಟ್ಟದು ಅಂತ ಹೇಳಲ್ಲ. ಟೀಚರ್ ಯಾರೂ ಹೊಡೀತಿರಲಿಲ್ಲ, ಬೈತಿರಲಿಲ್ಲ. ತುಂಬಾ ಪ್ರೀತಿಯಿಂದ ಇದ್ದರು. ಕಷ್ಟದ ಪಾಠ ಬಂದಾಗ "ಇದು ನಿಮಗೆ ಬೇಡ, ಪುಟ ತಿರುಗಿಸಿ" ಅಂತಿದ್ದರು. ನಮಗೂ ಖುಷಿ. ಪುಟ ತಿರುಗಿಸಿದ್ದಕ್ಕೆ ಯಾವ ಮಗು ಅಳುತ್ತೆ ಹೇಳಿ.

ಅತ್ತಿದ್ದು ಆಮೇಲೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಬೇಕು ಅಂತ ಆಸೆ ಇತ್ತು. ಚಿಕ್ಕಂದಿನಿಂದ ರೇಡಿಯೋ ಬಿಚ್ಚಿ ಜೋಡಿಸ್ತಿದ್ದೆ. ಪ್ರವೇಶ ಪರೀಕ್ಷೆಯ ಪ್ರಶ್ನೆಪತ್ರಿಕೆ ಕೈಗೆ ಬಂತು. ವರ್ಗ ಸಮೀಕರಣ, ತ್ರಿಕೋನಮಿತಿ. ಕಷ್ಟ ಅಂತಲ್ಲ, ನಾನು ಅದನ್ನ ನೋಡೇ ಇರಲಿಲ್ಲ. ಸೈನ್ ಅಂತ ಬರೆದದ್ದನ್ನ ಸಹಿ ಹಾಕೋ ಜಾಗ ಅಂದುಕೊಂಡೆ. ನಗಬೇಡಿ. ಸರಿ, ನಗಿ, ನಾನೂ ಈಗ ನಗ್ತೀನಿ.

ಕಲಿಸಿದ ಮೇಲೆ ಬರದೇ ಹೋಗಿದ್ದರೆ ನನ್ನ ತಪ್ಪು ಅಂದುಕೊಳ್ತಿದ್ದೆ. ಪುಟ ತಿರುಗಿಸಿದ ದಿನ ನನಗೆ ಹನ್ನೆರಡು ವರ್ಷ. ಆ ಪುಟದ ಹಿಂದೆ ಯಾವ ಕೆಲಸ, ಯಾವ ಕೋರ್ಸ್ ಇತ್ತು ಅಂತ ನನಗೆ ಯಾರೂ ಹೇಳಲಿಲ್ಲ. ಮನೆಯಲ್ಲಿ ಕೇಳೋಣ ಅಂದ್ರೆ ಅವರಿಗೂ ಗೊತ್ತಿರಲಿಲ್ಲ. ಎ ವಿಭಾಗದವರ ಮನೆಯಲ್ಲಿ ಗೊತ್ತಿತ್ತು. ಅವರ ಅಪ್ಪ ಅಮ್ಮ ಬಂದು ಜಗಳ ಆಡಿ ವಿಭಾಗ ಬದಲಾಯಿಸಿಕೊಂಡು ಹೋಗ್ತಿದ್ದದ್ದು ನಾನೇ ನೋಡಿದ್ದೀನಿ. ನಲವತ್ತು ನಿಮಿಷದ ಪರೀಕ್ಷೆ ಎಲ್ಲರಿಗೂ ಒಂದೇ, ಅದರ ಮೇಲೆ ಅಪೀಲು ಹೋಗೋ ದಾರಿ ಮಾತ್ರ ಕೆಲವರಿಗೆ.

ಬಳಪ ಮಿಸ್, ಆ ಹುಡುಗಿಗೆ ಉತ್ತರ ಕೊಡಿ.

ಎರಡು_ಮಕ್ಕಳ_ಅಮ್ಮ

ಹಿಂದಿನ ಬೆಂಚಿನವರೇ, ಓದಿ ಗಂಟಲು ಕಟ್ಟಿತು.

ನನ್ನದು ಸಣ್ಣ ವಿಷಯ, ಭಾಷೆಯದ್ದು. ಮಗನಿಗೆ ಲೆಕ್ಕ ಬರುತ್ತೆ, ಪ್ರಶ್ನೆ ಓದೋಕೆ ಬರಲ್ಲ. 'ಅಪವರ್ತನ' ಮತ್ತು 'ಅಪವರ್ತ್ಯ' ಅಂತ ಎರಡು ಪದ ಇಟ್ಟ ಪುಣ್ಯಾತ್ಮರು ಯಾರೋ! 3 ಅನ್ನೋದು 12ರ ಅಪವರ್ತನ, 12 ಅನ್ನೋದು 3ರ ಅಪವರ್ತ್ಯ. ಒಂದು ಒತ್ತಕ್ಷರ ಆಚೆ ಈಚೆ ಆದ್ರೆ ಉತ್ತರ ತಲೆಕೆಳಗು. "7ಕ್ಕೂ 4ಕ್ಕೂ ಇರುವ ವ್ಯತ್ಯಾಸವೇನು?" ಅಂದಿದ್ದಕ್ಕೆ "7 ಬೆಸ, 4 ಸಮ" ಅಂತ ಬರೆದಿದ್ದ. ಸೊನ್ನೆ ಬಂತು. 'ಘಾತ' ಅಂದಾಗ ಪಾಪದ ಮಗು ಯಾರಿಗೆ ಏನಾಯ್ತು ಅಂತ ಕೇಳಿತು.

ಪುಸ್ತಕದ ಭಾಷೆ ಮನೆಯಲ್ಲೂ ಆಡೋ ಮಕ್ಕಳಿಗೆ ಇದು ಗೊತ್ತಾಗೋದೇ ಇಲ್ಲ. ಬೇರೆಯವರಿಗೆ ಗಣಿತಕ್ಕೆ ಮೊದಲೇ ಒಂದು ಭಾಷಾ ಪರೀಕ್ಷೆ. ಅದರಲ್ಲಿ ಫೇಲಾದ್ರೆ 'ಗಣಿತದಲ್ಲಿ ದಡ್ಡ'.

ಋಣಸಂಖ್ಯೆ

ಅಮ್ಮ ಅವರು ಹೇಳಿದ್ದು ಸಣ್ಣ ವಿಷಯ ಅಲ್ಲ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ತೆರೆಜಿನ್ಹಾ ನೂನೆಸ್, ಡೇವಿಡ್ ಕ್ಯಾರಹರ್ ಮತ್ತು ಅನಾಲೂಸಿಯಾ ಶ್ಲೀಮನ್ ಮಾಡಿದ, 1985ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಬೀದಿಯಲ್ಲಿ ವ್ಯಾಪಾರ ಮಾಡೋ 9ರಿಂದ 15 ವರ್ಷದ ಐದು ಮಕ್ಕಳು. ಗಿರಾಕಿಗಳ ಹಾಗೆ ಹೋಗಿ ಲೆಕ್ಕ ಕೇಳಿದಾಗ 98.2% ಸರಿ ಉತ್ತರ. ಆಮೇಲೆ ಅದೇ ಸಂಖ್ಯೆಗಳನ್ನ ಕತೆಲೆಕ್ಕ ಮಾಡಿ ಕೊಟ್ಟರೆ 73.7%. ಬರೀ ಗುಣಿಸು, ಭಾಗಿಸು ಅಂತ ಪೆನ್ಸಿಲ್ ಕಾಗದ ಕೊಟ್ಟರೆ 36.8%. ಐದೇ ಮಕ್ಕಳು, ನಿಜ, ಆದ್ರೂ ಆ ಅಂತರ ನೋಡಿ.

ಅದರಲ್ಲಿ ಒಂದು ಲೆಕ್ಕ ನನಗೆ ಮರೆಯೋಕೇ ಆಗಲ್ಲ. ಒಂದು ತೆಂಗಿನಕಾಯಿಗೆ 35 ಆದ್ರೆ ನಾಲ್ಕಕ್ಕೆ ಎಷ್ಟು? ಮಗು ಬಾಯಿಲೆಕ್ಕದಲ್ಲಿ 105 ಅಂತ ಶುರು ಮಾಡಿ (ಮೂರರ ಬೆಲೆ ಬಾಯಲ್ಲೇ ಇದೆ), ಅದಕ್ಕೆ 30 ಸೇರಿಸಿ 135, ಕೊನೆಗೆ 140 ಅಂತು. ಅದೇ ಮಗುವಿಗೆ ಕಾಗದದಲ್ಲಿ 35 × 4 ಕೊಟ್ಟರೆ: ಐದ್ ನಾಲ್ಕ್ಲಿ ಇಪ್ಪತ್ತು, ದಶಕ 2, ಆ 2ನ್ನ 3ಕ್ಕೆ ಕೂಡಿ 5, ಮತ್ತೆ ಐದ್ ನಾಲ್ಕ್ಲಿ ಇಪ್ಪತ್ತು. ಉತ್ತರ 200!

ದಶಕವನ್ನ ಗುಣಿಸಿದ ಮೇಲೆ ಕೂಡಬೇಕಿತ್ತು, ಮೊದಲೇ ಕೂಡಿಬಿಟ್ಟಿದೆ. ಬೀದಿಯಲ್ಲಿ ಯಾರಾದ್ರೂ 200 ಅಂದಿದ್ರೆ ಅದೇ ಮಗು ನಕ್ಕುಬಿಡ್ತಿತ್ತು. ಕಾಗದದ ಮೇಲೆ ನಗು ಬರಲಿಲ್ಲ, ಯಾಕಂದ್ರೆ ಕಾಗದದ ಲೆಕ್ಕಕ್ಕೆ ಅರ್ಥ ಇರಬೇಕು ಅನ್ನೋ ನಿರೀಕ್ಷೆಯೇ ಅದಕ್ಕೆ ಇರಲಿಲ್ಲ. ಬಳಪ ಮೇಡಂ ಬಿ ವಿಭಾಗಕ್ಕೆ ಕೊಟ್ಟ ಆ ಹತ್ತು ಲೆಕ್ಕ ಕಲಿಸೋದೂ ಇದನ್ನೇ. ಕ್ಷಮಿಸಿ, ಒರಟಾಗಿ ಹೇಳಿದೆ.

ಹಳೇಬಳಪ

ಒರಟಲ್ಲ, ನಿಜ. ಮುಂದುವರಿಸಿ.

ಚುಕ್ಕಿಲಿಪಿ

ನನಗೆ ಕಣ್ಣು ಕಾಣಲ್ಲ, ಸ್ಕ್ರೀನ್ ರೀಡರ್‌ನಲ್ಲಿ ಈ ಚರ್ಚೆ ಕೇಳ್ತಿದ್ದೀನಿ. ನಮ್ಮನ್ನ ಯಾವ ವಿಭಾಗಕ್ಕೂ ಹಾಕಲ್ಲ, 'ಗಣಿತದಿಂದ ವಿನಾಯಿತಿ' ಅಂತ ಒಂದು ಚೀಟಿ ಕೊಡ್ತಾರೆ. ಉಪಕಾರ ಅಂದುಕೊಂಡೇ ಕೊಡೋದು.

ಏಬ್ರಹಾಂ ನೆಮೆತ್ ಅಂತ ಒಬ್ಬರಿದ್ದರು, ಹುಟ್ಟು ಕುರುಡರು. ಗಣಿತ ಓದ್ತೀನಿ ಅಂದಾಗ ಸಲಹೆಗಾರರು ಬೇಡ ಅಂದು ಮನಶ್ಶಾಸ್ತ್ರಕ್ಕೆ ಕಳಿಸಿದರು. ಅದರಲ್ಲಿ ಪದವಿ ಮುಗಿಸಿ, ಮತ್ತೆ ಗಣಿತಕ್ಕೇ ಬಂದು ಪ್ರಾಧ್ಯಾಪಕರಾದರು. ಬ್ರೈಲ್‌ನಲ್ಲಿ ಗಣಿತ ಬರೆಯೋಕೆ ಸರಿಯಾದ ಲಿಪಿ ಇಲ್ಲ ಅಂತ ತಾವೇ ಒಂದನ್ನ ಕಟ್ಟಿದರು. 1952ರಲ್ಲಿ ಬಂದ ನೆಮೆತ್ ಕೋಡ್ ಅದು.

ಈಗಿನ ಸಮಸ್ಯೆ ಬೇರೆ. 1998ರಿಂದ ಮ್ಯಾಥ್‌ಎಂಎಲ್ ಅನ್ನೋ ಪದ್ಧತಿ ಇದೆ, ಅದರಲ್ಲಿ ಬರೆದ್ರೆ ಸಮೀಕರಣ ನನ್ನ ಯಂತ್ರಕ್ಕೆ ಅರ್ಥ ಆಗುತ್ತೆ. ಆದ್ರೆ ಎಲ್ಲರೂ ಫೋಟೋ ಹಾಕ್ತಾರೆ. ನನಗೆ ಕೇಳಿಸೋದು 'ಚಿತ್ರ' ಅಂತ ಒಂದೇ ಪದ. ಇನ್ನು ಬಾಯಲ್ಲಿ ಓದಿ ಹೇಳೋರು "ಒಂದು ಬೈ ಎಕ್ಸ್ ಪ್ಲಸ್ ಒಂದು" ಅಂತಾರೆ. ಛೇದದಲ್ಲಿ ಎಕ್ಸ್ ಒಂದೇ ಇದೆಯೋ, ಎಕ್ಸ್ ಪ್ಲಸ್ ಒಂದು ಇದೆಯೋ? ಎಕ್ಸ್ 1 ಆದಾಗ ಒಂದರ ಉತ್ತರ 2, ಇನ್ನೊಂದರದ್ದು ಅರ್ಧ. ಓದುವಾಗ ಒಂದು ಕ್ಷಣ ನಿಂತರೆ ಸಾಕು, ನನಗೆ ಗೊತ್ತಾಗುತ್ತೆ. ಆ ಒಂದು ಕ್ಷಣ ಯಾರ ಹತ್ತಿರವೂ ಇರಲ್ಲ.

(ಬಳಪ ಮೇಡಂ, ಭಿನ್ನರಾಶಿಯನ್ನ ಅಕ್ಷರದಲ್ಲೇ ಟೈಪ್ ಮಾಡಿದ್ದಕ್ಕೆ ಥ್ಯಾಂಕ್ಸ್. ಅದಕ್ಕೇ ನಾನೂ ಈ ಚರ್ಚೆಗೆ ಬರೋಕೆ ಆಯ್ತು.)

ನೇರಮಾತು

ಚುಕ್ಕಿಲಿಪಿ ಅವರು ಮತ್ತು ಹಿಂದಿನ ಬೆಂಚು ಅವರು ಬರೆದದ್ದು ಓದಿದ ಮೇಲೆ ಒಂದು ಹೆಜ್ಜೆ ಹಿಂದೆ ಸರೀತೀನಿ. 'ಹಣೆಪಟ್ಟಿ' ಅನ್ನೋ ಮಾತು ವಾಪಸ್.

ಆದರೆ ಉಳಿದದ್ದು ವಾಪಸ್ ಇಲ್ಲ. ಎಲ್ಲರೂ ಹೀರೋ ಕಥೆ ಹೇಳ್ತೀರಿ. ಲಾಸ್ ಏಂಜಲಿಸ್‌ನ ಗಾರ್ಫೀಲ್ಡ್ ಶಾಲೆಯ ಗಣಿತ ಮೇಷ್ಟ್ರು ಹೈಮೆ ಎಸ್ಕಲಾಂಟೆ ಕಥೆ ಗೊತ್ತಲ್ಲ. 1982ರಲ್ಲಿ ಬಡ ಬಡಾವಣೆಯ ಹದಿನೆಂಟು ಮಕ್ಕಳು ಕಲನಶಾಸ್ತ್ರದ (ಕ್ಯಾಲ್ಕುಲಸ್) ಪರೀಕ್ಷೆ ಬರೆದರು. ಹದಿನಾಲ್ಕು ಮಕ್ಕಳ ಮೇಲೆ ಕಾಪಿ ಹೊಡೆದ ಅನುಮಾನ, ಹನ್ನೆರಡು ಜನ ಮತ್ತೆ ಬರೆದು ಪಾಸಾದರು. ಇದು ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲು ಅವರು ಆ ಶಾಲೆಯಲ್ಲಿ ಎಂಟು ವರ್ಷ ತಳಪಾಯ ಹಾಕಿದ್ದರು, 1991ರಲ್ಲಿ ಅವರು ಬಿಟ್ಟು ಹೋದಮೇಲೆ ಅದು ಕುಸಿಯಿತು ಅನ್ನೋದು ಯಾರೂ ಹೇಳಲ್ಲ. ಒಬ್ಬ ಮೇಷ್ಟ್ರ ಎದೆಗಾರಿಕೆಯ ಮೇಲೆ ನ್ಯಾಯ ನಿಲ್ಲಲ್ಲ. ಶಿಕಾಗೋದಲ್ಲಿ ಎರಡನೇ ಪೀರಿಯಡ್‌ಗೆ ಯಾರೋ ದುಡ್ಡು ಕೊಟ್ಟರು. ಬಳಪ ಮೇಡಂಗೆ ಯಾರು ಕೊಡ್ತಾರೆ?

ಗುಣಾಕಾರ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಸರಿಯಾದ ಪ್ರಶ್ನೆ. ಒಂದೇ ಒಂದು ಸೇರಿಸ್ತೀನಿ. 1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಊರಿ ಟ್ರೈಸ್ಮನ್ ಅವರು ಕಪ್ಪು ವಿದ್ಯಾರ್ಥಿಗಳು ಕಲನದಲ್ಲಿ ಯಾಕೆ ಸೋಲ್ತಾರೆ ಅಂತ ನೋಡೋಕೆ ಹೊರಟರು. ಸಹೋದ್ಯೋಗಿಗಳು ಆಸಕ್ತಿ ಇಲ್ಲ, ತಯಾರಿ ಇಲ್ಲ, ಮನೆಯ ಬೆಂಬಲ ಇಲ್ಲ ಅಂತ ಊಹಿಸಿದ್ದರು. ವಿದ್ಯಾರ್ಥಿಗಳು ಓದೋ ಜಾಗಕ್ಕೇ ಹೋಗಿ ನೋಡಿದರೆ ಆ ಊಹೆ ಒಂದೂ ನಿಲ್ಲಲಿಲ್ಲ. ಅವರು ಗಂಟೆಗಟ್ಟಲೆ ಓದ್ತಿದ್ದರು, ಆದರೆ ಒಬ್ಬೊಬ್ಬರೇ. ಚೆನ್ನಾಗಿ ಮಾಡ್ತಿದ್ದ ಚೀನೀ ಮೂಲದ ವಿದ್ಯಾರ್ಥಿಗಳು ಗುಂಪಾಗಿ ಕೂತು ಒಬ್ಬರ ಲೆಕ್ಕದಲ್ಲಿ ಇನ್ನೊಬ್ಬರು ತಪ್ಪು ಹುಡುಕ್ತಿದ್ದರು. ಟ್ರೈಸ್ಮನ್ ಒಂದು ಕಾರ್ಯಾಗಾರ ಮಾಡಿದರು. ಅಲ್ಲಿ ಕೊಟ್ಟದ್ದು ಸುಲಭದ ಲೆಕ್ಕ ಅಲ್ಲ, ತರಗತಿಗಿಂತ ಕಷ್ಟದ್ದು, ಗುಂಪಿನಲ್ಲಿ ಮಾಡೋಕೆ. ಫಲಿತಾಂಶ ಬದಲಾಯಿತು.

ಅದಕ್ಕೂ ದುಡ್ಡು ಬೇಕು, ಒಪ್ಪಿದೆ. ಆದ್ರೆ ಯಾವ ತರದ ಲೆಕ್ಕ ಕೊಡಬೇಕು ಅನ್ನೋ ನಿರ್ಧಾರಕ್ಕೆ ಬೇಡ.

ಋಣಸಂಖ್ಯೆ

ಬಾಬ್ ಮೋಸಸ್ ಹೆಸರು ಇನ್ನೂ ಯಾಕೆ ಬರಲಿಲ್ಲ ಅಂತ ಕಾಯ್ತಿದ್ದೆ. 1960ರ ದಶಕದಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಕಪ್ಪು ಜನರನ್ನ ಮತದಾರರ ಪಟ್ಟಿಗೆ ಸೇರಿಸೋಕೆ ಏಟು ತಿಂದವರು. 1982ರಲ್ಲಿ ತಮ್ಮ ಮಗಳ ಶಾಲೆಯಲ್ಲಿ ಬೀಜಗಣಿತ ಹೇಳಿಕೊಡ್ತಿಲ್ಲ ಅಂತ ಗೊತ್ತಾಗಿ ತಾವೇ ಕಲಿಸೋಕೆ ಹೋದರು. ಆಲ್ಜೀಬ್ರಾ ಪ್ರಾಜೆಕ್ಟ್ ಹುಟ್ಟಿದ್ದು ಹಾಗೆ. ಅವರ ಲೆಕ್ಕದಲ್ಲಿ ಆಗ ಮತ ಇಲ್ಲದವನಿಗೆ ಏನಾಗಿತ್ತೋ ಈಗ ಬೀಜಗಣಿತ ಇಲ್ಲದವನಿಗೂ ಅದೇ ಆಗ್ತಿದೆ.

ಅವರು ಮಕ್ಕಳನ್ನ ಮೆಟ್ರೋ ರೈಲು ಹತ್ತಿಸ್ತಿದ್ದರು. ವಾಪಸ್ ಬಂದು ಚಿತ್ರ ಬರೆಯೋದು, ತಮ್ಮ ಮಾತಲ್ಲಿ ಹೇಳೋದು. ಒಂದು ನಿಲ್ದಾಣ ಆರಿಸಿ ಅದೇ ಸೊನ್ನೆ. ಎಷ್ಟು ನಿಲ್ದಾಣ ಅನ್ನೋದರ ಜೊತೆ ಯಾವ ಕಡೆಗೆ ಅನ್ನೋದೂ ಹೇಳಬೇಕು. ಋಣ ಸಂಖ್ಯೆ ತಾನಾಗಿ ಬಂದು ನಿಲ್ಲುತ್ತೆ. (ನನ್ನ ಹೆಸರು ಅಲ್ಲಿಂದ ಬಂದದ್ದು.) ಚಿಹ್ನೆ ಬರೋದು ಕೊನೆಗೆ. ನಾವು ಅದರಿಂದಲೇ ಶುರು ಮಾಡ್ತೀವಿ, ಆಮೇಲೆ ಕಬ್ಬಿಣದ ಕಡಲೆ ಅಂತೀವಿ.

ಹಳೇಬಳಪ

ಎರಡನೇ ಪೀರಿಯಡ್ ಕೇಳಿ ಅರ್ಜಿ ಬರೆದಿದ್ದೀನಿ, ಉತ್ತರ ಬಂದಿಲ್ಲ. ನೇರಮಾತು ಅವರ ಪ್ರಶ್ನೆ ಹಾಗೇ ಇದೆ.

ಇವತ್ತು ಬಿ ವಿಭಾಗದಲ್ಲಿ ಆ ಹುಡುಗಿಯ ಪ್ರಶ್ನೆಯನ್ನ ಬೋರ್ಡ್ ಮೇಲೆ ಬರೆದೆ. 2/5 ಯಾವಾಗ ಸರಿ, ಯಾವಾಗ ತಪ್ಪು? ನಾಲ್ಕು ನಾಲ್ಕು ಜನ ಕೂರಿಸಿದೆ. ಮೊದಲ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ, ನಾನು ಉತ್ತರ ಹೇಳ್ತೀನಿ ಅಂತ ಕಾಯ್ತಿದ್ದರು. ಇಷ್ಟು ದಿನದ ಅಭ್ಯಾಸ. ನಾನೂ ತುಟಿ ಕಚ್ಚಿಕೊಂಡು ನಿಂತಿದ್ದೆ.

ಆಮೇಲೆ ಒಬ್ಬ ಹುಡುಗ ಎದ್ದ. "ಅರ್ಧಕ್ಕೆ ಅರ್ಧ ಹೀಗೆ ಕೂಡಿದ್ರೆ 2/4 ಬರುತ್ತೆ, ಅದೂ ಅರ್ಧವೇ. ಕೂಡಿದ್ದು ಎಲ್ಲಿಗೆ ಹೋಯ್ತು?" ಇನ್ನೊಂದು ಗುಂಪು 1/2 ಬದಲು 2/4 ಬರೆದು ನೋಡಿತು, ಆಗ ಉತ್ತರ 3/7. "ಒಂದೇ ಸಂಖ್ಯೆ, ಬರೆಯೋ ರೀತಿ ಬೇರೆ ಆಗಿದ್ದಕ್ಕೆ ಉತ್ತರ ಬೇರೆ ಬರಬಾರದಲ್ವಾ ಮಿಸ್?" ಮಾರ್ಕ್ಸಿನಲ್ಲಿ ಮಾತ್ರ ಎರಡಕ್ಕೆ ಒಂದೂ ನಾಲ್ಕಕ್ಕೆ ಎರಡೂ ಬೇರೆ ಬೇರೆ ಅನ್ನೋದನ್ನ ಅವರೇ ಹೇಳಿಕೊಂಡರು. ಎ ವಿಭಾಗದ ಜಗಳ ಇಷ್ಟು ದೂರ ಹೋಗಿರಲಿಲ್ಲ.

ಆ ಹುಡುಗಿ ಮಾತ್ರ ಸುಮ್ಮನೆ ಬರೀತಾ ಕೂತಿದ್ದಳು. ಬೆಲ್ ಹೊಡೆದ ಮೇಲೆ ಪುಸ್ತಕ ತಂದು ತೋರಿಸಿದಳು. 1/3, 1/2, ನಡುವೆ 2/5. 2/3, 3/4, ನಡುವೆ 5/7. 1/4, 3/4, ನಡುವೆ 4/8. ಒಂದು ಪುಟ ಪೂರ್ತಿ. "ಕೂಡೋದು ತಪ್ಪು ಮಿಸ್, ಗೊತ್ತಾಯ್ತು. ಆದ್ರೆ ಹೀಗೆ ಮಾಡಿದಾಗ ಯಾವಾಗಲೂ ಎರಡರ ನಡುವೆಯೇ ಬಂದು ಕೂರುತ್ತೆ. ಯಾವಾಗಲೂನಾ?"

ಗುಣಾಕಾರ

ಮೇಡಂ! ಇದನ್ನ ನಾನು ಪದವಿ ತರಗತಿಯಲ್ಲಿ ಹೇಳಿಕೊಡೋದು. ಯಾವಾಗಲೂ ಹೌದು, ಸಾಬೀತು ಮಾಡೋಕೆ ಎರಡೇ ಸಾಲು. ಅಡ್ಡ ಗುಣಾಕಾರ ಮಾಡಿ, ಎರಡೂ ಕಡೆ

ಹಳೇಬಳಪ

ಸಾರ್, ದಯವಿಟ್ಟು ಅಲ್ಲಿಗೇ ನಿಲ್ಲಿಸಿ. ಅವಳು ಇನ್ನೂ ಯೋಚಿಸ್ತಿದ್ದಾಳೆ. 'ಯಾವಾಗಲೂ' ಅಂತ ತೋರಿಸೋಕೆ ಸಂಖ್ಯೆಯ ಬದಲು ಅಕ್ಷರ ಹಾಕಬಹುದಾ ಅಂತ ಕೇಳಿದ್ದಾಳೆ. ಸೋಮವಾರ ಸಮೀಕರಣದ ಪಾಠ ಶುರು ಮಾಡ್ತಿದ್ದೀನಿ, ಮೊದಲ ಪುಟದಿಂದ.

ಹಿಂದಿನ_ಬೆಂಚು

ಆ ಪುಟದ ಲೆಕ್ಕಗಳನ್ನ ಇಲ್ಲೂ ಹಾಕ್ತೀರಾ ಮಿಸ್? ಫೋಟೋ ಬೇಡ, ಚುಕ್ಕಿಲಿಪಿ ಅವರಿಗೂ ಕೇಳೋ ಹಾಗೆ ಟೈಪ್ ಮಾಡಿ. ನಾನೂ ಮಾಡಿ ನೋಡ್ತೀನಿ.